ಎಲ್. ವಿ. ಗುರುತಿನ ತೋಟೆಗಳು

ನಮ್ಮೂರಿನ ಗಂಡಸರು ಕ್ಷೌರಕ್ಕೆ ಹೊರಟರೆ ಜೇಬಿನಲ್ಲಿ ದುಡ್ಡಿದೆಯೇ ಎಂದು ನೋಡಿಕೊಳ್ಳುತ್ತಿರಲಿಲ್ಲ, ತೋಟೆ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಬಂದೂಕಿನ ತೋಟೆ. ಮೊದಲ ಮಹಾಯುದ್ಧದಲ್ಲಿ ಹಾರಿ, ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಮಲಗಿ ಹಸಿರಾದ ಹಿತ್ತಾಳೆಯ ಖಾಲಿ ತೋಟೆ. ಅದರಲ್ಲೂ ಎಲ್ಲವೂ ನಡೆಯುವುದಿಲ್ಲ. ಬುಡದಲ್ಲಿ ಎಲ್. ವಿ. ಎಂಬ ಎರಡಕ್ಷರ ಒತ್ತಿರಬೇಕು. ಇದ್ದರೆ ಕೂದಲು, ಗಡ್ಡ, ಕಿವಿಯ ಮೇಲಿನ ರೋಮ ಎಲ್ಲ ಬಿಟ್ಟಿ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ಅವರ ಊರಿನಲ್ಲಿ ಕ್ಷೌರದ ಚಿರಿಯಾಕೊ ಇರಲಿಲ್ಲವಲ್ಲ.

ನಾನು ನಿವೆಸ್. ಆ ಕ್ಷೌರದಂಗಡಿಯ ಪಕ್ಕದ ಖಾನಾವಳಿ ನನ್ನದು. ನಡುವೆ ಒಂದೇ ಗೋಡೆ, ಅದೂ ಯುದ್ಧ ಮುಗಿದ ಮೇಲೆ ಅವಸರದಲ್ಲಿ ಎಬ್ಬಿಸಿದ್ದು. ಆ ಕಡೆ ಕತ್ತರಿ ಆಡುವುದು ನನ್ನ ಒಲೆಯ ಹತ್ತಿರ ಕೇಳುತ್ತಿತ್ತು. ಹಾಗಾಗಿ ನನಗೆ ಗೊತ್ತಿರುವುದೆಲ್ಲ ಕದ್ದು ಕೇಳಿದ್ದಲ್ಲ, ಗೋಡೆ ಹೇಳಿದ್ದು.

ಅಸಿಯಾಗೊದ ಈ ಎತ್ತರದ ಬಯಲಿನಲ್ಲಿ ಆ ಯುದ್ಧ ವರ್ಷಗಟ್ಟಲೆ ಬಿಡಾರ ಹೂಡಿತ್ತು. ಈಚೆಗೆ ಇಟಲಿಯವರು, ಆಚೆಗೆ ಆಸ್ಟ್ರಿಯಾದವರು, ನಡುವೆ ನಮ್ಮ ಹುಲ್ಲುಗಾವಲು. ಓಡಿಹೋದ ಜನ ತಿರುಗಿ ಬಂದಾಗ ಒಂದು ಸೂರೂ ಉಳಿದಿರಲಿಲ್ಲ. ಉಳಿದದ್ದು ನೆಲದೊಳಗಿನ ಕಬ್ಬಿಣ, ಸೀಸ, ಹಿತ್ತಾಳೆ. ಅದನ್ನೇ ಅಗೆದು ಗುಜರಿಗೆ ಹಾಕಿ ಹೊಟ್ಟೆ ಹೊರೆದೆವು. ನನ್ನ ಗಂಡ ಗೆದೆಯೋನೆಯದೂ ಅದೇ ಕಸುಬು. ಹಿಮ ಕರಗುವ ಹೊತ್ತಿಗೆ ಗುದ್ದಲಿ ಹೆಗಲಿಗೇರಿಸಿ ಹೊರಟರೆ ಮತ್ತೆ ಹಿಮ ಬೀಳುವ ತನಕ ಅವನು ನನಗಿಂತ ಗುಡ್ಡಕ್ಕೇ ಹೆಚ್ಚು ಗಂಡ.

ಚಿರಿಯಾಕೊ ವಿತಿಯೆಲ್ಲೊ ಬಂದದ್ದು ಎರಡನೇ ಯುದ್ಧವೂ ಮುಗಿದ ಮೇಲೆ, ಒಂದು ವಸಂತದಲ್ಲಿ. ಆ ಬೆಳಿಗ್ಗೆ ಊರೆಲ್ಲ ಮಂಜು. ಹಲ್ಲುಗಾಲಿ ರೈಲು ಕೆಳಗಿನಿಂದ ಹತ್ತಿ ಬಂದು ನಿಂತ ಸದ್ದು ಕೇಳಿತು, ರೈಲು ಕಾಣಲಿಲ್ಲ. ಆಮೇಲೆ ಮಂಜಿನೊಳಗಿಂದ ಒಂದು ಕುರ್ಚಿ ಬಂತು. ಚರ್ಮದ ಬೆನ್ನು, ಕಬ್ಬಿಣದ ಪಾದ, ತಾನಾಗಿ ತೇಲಿ ಬರುತ್ತಿರುವಂತೆ. ಹತ್ತಿರ ಬಂದಾಗ ಅದರ ಕೆಳಗೆ ಎರಡು ಕುಳ್ಳ ಕಾಲು ಕಂಡವು. ಇವತ್ತಿಗೂ ಅವನನ್ನು ನೆನೆದರೆ ನನಗೆ ಮೊದಲು ಆ ಕುರ್ಚಿಯೇ ಕಾಣುತ್ತದೆ, ಆಮೇಲೆ ಅವನು.

ದಕ್ಷಿಣದವನು. ನೇಪಲ್ಸಿನವನಲ್ಲ, ಅದಕ್ಕೂ ಒಳಗಿನ ಯಾವುದೋ ಗುಡ್ಡದ ಊರಿನವನು. ಆದರೂ ನಮ್ಮವರು 'ನಾಪೊಲಿ' ಎಂದೇ ಹೆಸರಿಟ್ಟರು. ನಮಗೆ ರೋಮಿನ ಕೆಳಗಿನದೆಲ್ಲ ಒಂದೇ.

"ಏನಯ್ಯಾ ನಾಪೊಲಿ, ನಿಮ್ಮೂರಲ್ಲಿ ಕೂದ್ಲು ಬೆಳೆಯೋದು ನಿಲ್ತೋ ಹೇಗೆ? ಈ ಚಳಿಗೆ ಯಾಕೆ ಬಂದೆ?" ಎಂದು ಕೇಳಿದರೆ ಅವನು ನಕ್ಕು, "ನಿಮ್ ತಲೆಗಳನ್ನ ನೋಡಿದ ಮೇಲೆ ಬರದೆ ಇರೋಕಾಗುತ್ತಾ?" ಎನ್ನುತ್ತಿದ್ದ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎಂಬಂತೆ ಒಂದೇ ಚಳಿಗಾಲದಲ್ಲಿ ಊರಿನವನಾದ.

ತೋಟೆಯ ಹುಚ್ಚು ಹೊರಬಿದ್ದದ್ದು ಗೆದೆಯೋನೆಯ ಮುಂದೆ. ಗುಡ್ಡದಿಂದ ಇಳಿದವನು ನೇರವಾಗಿ ಗಡ್ಡ ಬೋಳಿಸಲು ಹೋಗಿ ಚೀಲವನ್ನು ಬಾಗಿಲಲ್ಲಿಟ್ಟಿದ್ದ. ಚಿರಿಯಾಕೊ ನೊರೆ ಹಚ್ಚುವುದನ್ನು ಬಿಟ್ಟು ಚೀಲದ ಮುಂದೆ ಮಂಡಿಯೂರಿದ. ಒಂದೊಂದೇ ತೋಟೆ ಎತ್ತಿ ಬುಡ ತಿರುಗಿಸಿ ಬೆಳಕಿಗೆ ಹಿಡಿದ.

"ಹಿತ್ತಾಳೆನ ತೂಕ ಮಾಡ್ತಾರಪ್ಪ, ಓದಲ್ಲ" ಎಂದ ಗೆದೆಯೋನೆ. "ಏನದು, ಜಪದ ಪುಸ್ತಕವಾ?"

"ಅಪ್ಪನ ಹೆಸರು ಹುಡುಕ್ತಿದೀನಿ."

ಆಮೇಲೆ ಹೇಳಿದ. ಇಟಲಿ ಸೈನ್ಯದ ತೋಟೆಯ ಬುಡದಲ್ಲಿ ಕಾರ್ಖಾನೆಯ ಗುರುತು, ವರ್ಷ, ಜೊತೆಗೆ ಅದನ್ನು ನೋಡಿ ಸರಿಯಿದೆ ಎಂದವನ ಹೆಸರಿನ ಅಕ್ಷರ ಇರುತ್ತಿತ್ತಂತೆ. ದಕ್ಷಿಣದ ಒಂದು ಮದ್ದಿನ ಕಾರ್ಖಾನೆಯಲ್ಲಿ ಅವನಪ್ಪ ಲಿಬೋರಿಯೊ ವಿತಿಯೆಲ್ಲೊ ತನಿಖೆಯವನು. ಸಾವಿರದ ಒಂಬೈನೂರ ಹದಿನೇಳರಲ್ಲಿ ರಣರಂಗದಿಂದ ದೂರು ಬಂತು. ಎಲ್. ವಿ. ತೋಟೆಗಳು ಹಾರುತ್ತಿಲ್ಲ, ಬಂದೂಕಿನ ಕುದುರೆ ಬಡಿದರೂ ಸುಮ್ಮನಿರುತ್ತವೆ ಎಂದು. ಲಿಬೋರಿಯೊನನ್ನು ಹೊರಹಾಕಿದರು. ಊರು ಅವನಿಗೆ 'ಮೂಕ' ಎಂದು ಹೆಸರಿಟ್ಟಿತು, ಮಕ್ಕಳು ಮೂಕನ ಮಕ್ಕಳಾದರು. ಅಪ್ಪ ಒಂದು ಮಾತೂ ಆಡಲಿಲ್ಲ. ಕಿಟಕಿಯ ಬಳಿ ಕುಳಿತು ಕುಳಿತು, ಹಾಗೆಯೇ ಸತ್ತ.

"ಆ ತೋಟೆಗಳೆಲ್ಲ ಈ ಬಯಲಿಗೇ ಬಂದವು" ಎಂದ ಚಿರಿಯಾಕೊ. "ಹಾರಿದ ತೋಟೆ ಖಾಲಿ ಇರುತ್ತೆ. ಹಾರದೆ ಹೋದದ್ದಕ್ಕೆ ಬುಡದಲ್ಲಿ ಕಿಡಿ ಹೊತ್ತೋ ಕೇಪಿನ ಮೇಲೆ ಕುದುರೆ ಬಡಿದ ಗುಳಿ ಬಿದ್ದಿದ್ರೂ ಗುಂಡು ಮೂತೀಲೇ ಇರುತ್ತೆ. ಅಪ್ಪನ ಮೂಕ ತೋಟೆ ಒಂದೂ ಸಿಗದೆ, ಬರೀ ಹಾರಿದ್ದೇ ಸಿಕ್ರೆ... ಅವತ್ತು ಯಾರೋ ಸುಳ್ಳು ಹೇಳಿದ್ರು ಅಂತಾಯ್ತಲ್ಲ?"

ಗೆದೆಯೋನೆ ಅರ್ಧ ನೊರೆಯಲ್ಲಿ ಕುಳಿತು ಯೋಚಿಸಿ, "ಆಯ್ತು" ಎಂದ. ನನಗೆ ಗೋಡೆ ಹೇಳಿತು. ನಾನು ಊರಿಗೆ ಹೇಳಿದೆ. ಖಾನಾವಳಿಯವಳ ಕಿವಿಗೆ ಬಿದ್ದದ್ದು ಇನ್ನೆಲ್ಲಿಗೆ ಹೋಗಬೇಕು?

ಹೀಗೆ ತೋಟೆಗೆ ಕ್ಷೌರ ಎಂಬ ಪದ್ಧತಿ ಶುರುವಾಯಿತು. ಚಿರಿಯಾಕೊ ಅವನ್ನು ತಿಕ್ಕಿ ಹೊಳಪು ತರುತ್ತಿರಲಿಲ್ಲ. ಮಣ್ಣು ಕೊಟ್ಟ ಬಣ್ಣ ಮಣ್ಣಿನದು ಎನ್ನುತ್ತಿದ್ದ. ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ. ಕನ್ನಡಿಯಲ್ಲಿ ಅಷ್ಟೇ ತೋಟೆಗಳು ಮತ್ತೆ ಕಾಣುತ್ತಿದ್ದವು. ಯಾವುದು ಯಾವ ಹುಲ್ಲುಗಾವಲಿನದು ಎಂಬುದು ಅವನಿಗೆ ಬಾಯಿಪಾಠ. ಇದು ಕರಡಿಗುಂಡಿಯದು, ಇದು ಮೂರು ಚಿಲುಮೆಯದು, ಇದು ಸುಟ್ಟ ಕೊಟ್ಟಿಗೆಯ ಹಿಂದಿನದು. ತಾನು ಕಾಲಿಡದ ಗುಡ್ಡವನ್ನೆಲ್ಲ ಅವನು ಆ ಹಲಗೆಯ ಮೇಲೆ ಸುತ್ತುತ್ತಿದ್ದ.

ಚಳಿಗಾಲದ ಮಧ್ಯಾಹ್ನಗಳಲ್ಲಿ ಗಿರಾಕಿ ಇರುತ್ತಿರಲಿಲ್ಲ. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಮೆಕ್ಕೆಜೋಳದ ಹಿಟ್ಟಿನ ಮುದ್ದೆಯ ಮೇಲೆ ಗಿಣ್ಣು ಹಾಕಿ ಒಯ್ದರೆ ಅವನು ತನ್ನದೇ ಕುರ್ಚಿಯಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ಇರುತ್ತಿದ್ದ. ಒಲೆಯ ಬೆಳಕು ತೋಟೆಗಳ ಮೇಲೆ ಆಡುತ್ತಿತ್ತು. "ಕೊಮಾರೆ," ಎನ್ನುತ್ತಿದ್ದ. ಅಕ್ಕರೆಯ ನೆರೆಯವಳನ್ನು ಅವರೂ ನಾವೂ ಕರೆಯುವುದು ಹಾಗೆ. "ಕೊಮಾರೆ, ಇವೆಲ್ಲ ಹಾರಿದವು. ನೋಡು, ಎಲ್ಲಾ ಹಾರಿದವು." ಮಗುವಿನ ಹಾಗೆ ಹೇಳುತ್ತಿದ್ದ. ನಾನು ತಟ್ಟೆ ಇಟ್ಟು, "ಹೂಂ, ಎಲ್ಲಾ ಹಾರಿದವು. ಮುದ್ದೆ ಆರೋಕೆ ಮುಂಚೆ ತಿನ್ನು" ಎನ್ನುತ್ತಿದ್ದೆ.

ಒಮ್ಮೆ ಮಾತ್ರ ಅವನನ್ನು ಗುಡ್ಡಕ್ಕೆ ಕರೆದೊಯ್ದೆ. ಲಾರ್ಚ್ ಮರಗಳು ಹಳದಿಯಾಗಿ ಸೂಜಿಯಂಥ ಎಲೆ ಉದುರಿಸುವ ಕಾಲ. ಹತ್ತುವಾಗ ಬಿಸಿಲಿತ್ತು, ಹಳೆಯ ಕಂದಕದ ಬಳಿ ಮಂಜು ಇಳಿಯಿತು. ಅವನಿಗೆ ಉಬ್ಬಸ. ಕಂದಕದ ಗೋಡೆಗೊರಗಿ ಕುಳಿತವನು ಹಾಗೇ ನಿದ್ದೆಹೋದ. ಹಳದಿ ಸೂಜಿಗಳು ಅವನ ಟೋಪಿಯ ಮೇಲೆ, ಅಂಗೈ ಮೇಲೆ ಬಿದ್ದವು. ದೂರದಲ್ಲೆಲ್ಲೋ ಹಸುವಿನ ಗಂಟೆ. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಎದ್ದಾಗ ಅವನ ಕಣ್ಣು ಬೇರೆಲ್ಲೋ ಇತ್ತು. "ಅಪ್ಪ ಬಂದಿದ್ರು. ಈ ಕಂದಕದ ಉದ್ದಕ್ಕೂ ನಡೀತಿದ್ರು. ಸಿಪಾಯಿಗಳೆಲ್ಲ ಸಾಲಾಗಿ ನಿಂತಿದ್ರು. ಒಬ್ಬೊಬ್ಬನ ಗಲ್ಲ ಹಿಡಿದು ಮುಖ ಎತ್ತಿ ನೋಡ್ತಿದ್ರು."

"ನಿನ್ನನ್ನ ನೋಡಿದ್ರಾ?"

"ನನ್ನ ಕಡೆ ತಿರುಗಲೇ ಇಲ್ಲ."

ಇಳಿಯುವಾಗ ಅವನ ಕೈ ಹಿಡಿದುಕೊಂಡಿದ್ದೆ. ಜಾರುದಾರಿ ಎಂದು ಹಿಡಿದೆನೋ, ಅಯ್ಯೋ ಎನಿಸಿ ಹಿಡಿದೆನೋ, ಈಗ ನೆನಪಿಲ್ಲ.

ಆದರೆ ಅಷ್ಟು ಹೊತ್ತಿಗಾಗಲೇ ನಮ್ಮ ಮಾಳಿಗೆಯಲ್ಲಿ ಹಾಲಿನ ಕ್ಯಾನು ಇತ್ತು. ಅದನ್ನು ಹೇಳಬೇಕು. ಪದ್ಧತಿ ಶುರುವಾದ ಮೊದಲ ಬೇಸಿಗೆಯಲ್ಲೇ ಗೆದೆಯೋನೆ ಒಂದು ತೋಟೆ ತಂದು ನನ್ನ ಅಡುಗೆ ಮೇಜಿನ ಮೇಲಿಟ್ಟ. ಬುಡದಲ್ಲಿ ಎಲ್. ವಿ., ಹದಿನೇಳು. ಕೇಪಿನ ಮೇಲೆ ಆಳವಾದ ಗುಳಿ. ಮೂತಿಯಲ್ಲಿ ಗುಂಡು ಹಾಗೇ ಇತ್ತು.

"ಕೊಡ್ಲಾ?" ಎಂದ.

"ತಲೆ ಕೆಟ್ಟಿದೆಯಾ ನಿಂಗೆ? ಒಂದು ತೋಟೆಗೋಸ್ಕರ ಒಬ್ಬ ಮನುಷ್ಯನ್ನ ಕೊಲ್ತೀಯಾ?"

ಮದ್ದಿನ್ನೂ ಒಳಗಿದೆಯಲ್ಲ ಎಂದು ಅವನು ಅದನ್ನು ಎಣ್ಣೆ ತುಂಬಿದ ಹಾಲಿನ ಕ್ಯಾನಿಗೆ ಹಾಕಿದ. ಮುಂದಿನ ವಾರ ಇನ್ನೊಂದು ಬಂತು. ಬೇರೆ ಗುಜರಿಯವರೂ ಒಬ್ಬೊಬ್ಬರಾಗಿ ಹಿಂಬಾಗಿಲಿಂದ ಬಂದು, "ನಿವೆಸ್, ಇದನ್ನ ಆ ಕ್ಯಾನಿಗೆ" ಎಂದು ಕೊಟ್ಟು ಹೋದರು. ಯಾರೂ ಸಭೆ ಸೇರಲಿಲ್ಲ, ಆಣೆ ಹಾಕಲಿಲ್ಲ. ಮುಂಬಾಗಿಲಿಂದ ಹಾರಿದವು ಅವನ ಹಲಗೆಗೆ, ಹಿಂಬಾಗಿಲಿಂದ ಹಾರದವು ನನ್ನ ಮಾಳಿಗೆಗೆ. ಇದು ತಪ್ಪೆಂದು ನನಗೆ ಈಗಲೂ ಅನ್ನಿಸಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ನಮ್ಮಂಥ ಬಾಯಿಬಡುಕರ ಊರು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿತ್ತು ಎಂಬುದೇ ನನಗೆ ಹೆಮ್ಮೆ.

ಕೆಡಿಸಿದವನು ಓಲಿಂದೊ. ಗುಜರಿಯವರಲ್ಲೆಲ್ಲ ಸೋಮಾರಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವವನು. ಯೇಸು ಸ್ವರ್ಗಕ್ಕೇರಿದ ಹಬ್ಬದ ಹಿಂದಿನ ದಿನ ಊರಿಗೆ ಊರೇ ಗಡಿಯ ಸುತ್ತ ನಡೆಯುತ್ತದೆ. ದಾರಿಯಲ್ಲಿ ಹುಡುಗಿಯರು ಮನಸ್ಸಿಗೆ ಬಂದ ಹುಡುಗನಿಗೆ ಬಣ್ಣ ಹಚ್ಚಿದ ಮೊಟ್ಟೆ ಕೊಡುತ್ತಾರೆ. ಓಲಿಂದೊನಿಗೆ ಕೊರಿನ್ನಾಳ ಮೊಟ್ಟೆಯ ಮೇಲೆ ಕಣ್ಣು. ಗಡ್ಡ ಬೋಳಿಸಿಕೊಳ್ಳಬೇಕು, ಕೈಯಲ್ಲಿ ಹಾರಿದ ತೋಟೆ ಇಲ್ಲ. ಹಾರದ ಒಂದು ಎಲ್. ವಿ. ಇತ್ತು. ಇಕ್ಕಳದಿಂದ ಗುಂಡು ಕಿತ್ತ, ಮದ್ದು ಕೊಡವಿದ. ಕೇಪಿನ ಮೇಲೆ ಗುಳಿ ಇದ್ದೇ ಇತ್ತು, ಒಳಗೆ ಖಾಲಿ. ಹಾರಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದುಕೊಂಡು ನಡಿಗೆಯ ಮುನ್ನಾದಿನ ಹೋಗಿ ಕುರ್ಚಿಯಲ್ಲಿ ಕೂತ.

ನಾನು ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಆ ಕಡೆ ಕತ್ತಿಯ ಸರಸರ ಸದ್ದು ನಿಂತಿತು. ಆಮೇಲೆ ಚಿರಿಯಾಕೊನ ದನಿ, ತುಂಬ ಮೆಲ್ಲಗೆ.

"ಓಲಿಂದೊ, ಇದರೊಳಗಿಂದ ಮದ್ದಿನ ಕಡ್ಡಿ ಬಿತ್ತು. ಹಾರಿದ ತೋಟೇಲಿ ಮದ್ದು ಹೇಗಪ್ಪಾ ಉಳಿಯುತ್ತೆ?"

"ನಂಗೇನ್ ಗೊತ್ತು ನಾಪೊಲಿ... ಆ ಕತ್ತಿ ಸ್ವಲ್ಪ ದೂರ ಇಡು ಮಾರಾಯ."

"ಇಂಥವು ಇನ್ನೂ ಇದಾವಾ?"

ಕುತ್ತಿಗೆಯ ಬಳಿ ಕತ್ತಿ ಇದ್ದವನು ಸುಳ್ಳು ಹೇಳುತ್ತಾನೆಯೇ? "ನಿವೆಸ್ ಮನೆ ಮಾಳಿಗೆ. ಹಾಲಿನ ಕ್ಯಾನು" ಎಂದುಬಿಟ್ಟ.

ಚಿರಿಯಾಕೊ ಬಿಳಿ ಮೇಲಂಗಿಯಲ್ಲೇ ಬಂದು ನನ್ನ ಬಾಗಿಲಲ್ಲಿ ನಿಂತ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವನು ಬೈಯಲಿಲ್ಲ. "ಕೊಮಾರೆ, ತೋರಿಸು" ಎಂದ ಅಷ್ಟೇ. ಗೆದೆಯೋನೆ ಕ್ಯಾನು ಹೊತ್ತು ತಂದು ಕಿಟಕಿಯ ಬಳಿಯ ಮೇಜಿನ ಮೇಲೆ ಹಳೆಯ ಗೋಣಿ ಹಾಸಿ ಒಂದೊಂದಾಗಿ ತೆಗೆದಿಟ್ಟ. ಎಣ್ಣೆಯಲ್ಲಿದ್ದ ತೋಟೆಗಳು ಹೊಸದರಂತೆ ಮಿನುಗುತ್ತಿದ್ದವು. ಚಿರಿಯಾಕೊ ಒಂದನ್ನೆತ್ತಿ ಬುಡ ನೋಡಿ ಇಟ್ಟ, ಇನ್ನೊಂದನ್ನೆತ್ತಿದ. ಎಲ್. ವಿ. ಎಲ್. ವಿ. ಎಲ್. ವಿ.

"ಹಾಗಾದ್ರೆ ನಿಜ" ಎಂದ. "ಊರು ಹೇಳಿದ್ದು ನಿಜ. ನಾನು ನಾಳೆ ರೈಲಿಗೆ ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯಾ?" ಗೆದೆಯೋನೆಗೆ ಸಿಟ್ಟು ಬಂತು. "ನಿಮ್ಮಪ್ಪ ಸರಿ ನೋಡ್ಲಿಲ್ಲ ಅಂದ್ರೆ ನಮ್ಮ ತಲೆ ಯಾರು ಬೋಳಿಸ್ಬೇಕು?"

ಒಲೆಯ ಬಳಿ ಮತ್ತಿಯೊ ಕೂತಿದ್ದ. ಬೆಟ್ಟದಾಚೆಯ ಲುಸೆರ್ನದ ಮುದುಕ, ದನದ ವ್ಯಾಪಾರಕ್ಕೆ ಬಂದಾಗಲೆಲ್ಲ ನನ್ನಲ್ಲೇ ಉಣ್ಣುತ್ತಿದ್ದವನು. ಯುದ್ಧದ ಕಾಲಕ್ಕೆ ಅವರೂರು ಆಸ್ಟ್ರಿಯಾದ್ದು, ಅವನು ಆ ಕಡೆಯ ಸಿಪಾಯಿ. ಚಮಚ ಕೆಳಗಿಟ್ಟು ಎದ್ದು ಬಂದು ಮೇಜನ್ನು ನೋಡಿದ. ಗೆದೆಯೋನೆ ವಿಷಯ ಹೇಳಿದ.

"ಮೂಕ ತೋಟೆ" ಎಂದು ಮತ್ತಿಯೊ ಕುರ್ಚಿ ಎಳೆದು ಕೂತ. "ಒಂದು ನನ್ನ ಮುಂದೆನೂ ಆಗಿತ್ತು. ಅದರ ಬುಡದಲ್ಲಿ ಯಾರ ಅಕ್ಷರ ಇತ್ತೋ ನಾ ಕಾಣೆ. ಹದಿನೇಳರ ಬೇಸಿಗೆ. ಮಂಜಲ್ಲಿ ದಾರಿ ತಪ್ಪಿ ನಿಮ್ಮ ಕಂದಕದೊಳಗೇ ಇಳಿದುಬಿಟ್ಟೆ. ಎದುರಿಗೆ ನಿಮ್ಮವನೊಬ್ಬ. ಈ ಮೇಜಿನಷ್ಟು ದೂರ. ಬಂದೂಕು ಎತ್ತಿ ನನ್ನ ಎದೆಗಿಟ್ಟ. ಟಿಕ್ ಅಂತು. ಅಷ್ಟೇ."

ಚಿರಿಯಾಕೊ ತಲೆ ಎತ್ತಿದ. ಅವನ ಮುಖದಲ್ಲಿ ಏನೋ ಹೊತ್ತಿಕೊಂಡಂತೆ ಕಂಡಿತು. "ಹಾಗಾದ್ರೆ ನೀವು ಬದುಕಿದ್ದು..."

"ಬದುಕಿದೆ. ಮದುವೆ ಆಯ್ತು. ಮಕ್ಕಳಾದ್ರು, ಮೊಮ್ಮಕ್ಕಳಾದ್ರು."

ಇದೇ ಸಾಕು, ಇಲ್ಲಿಗೆ ನಿಲ್ಲಲಿ ದೇವರೇ ಎಂದುಕೊಂಡೆ. ಆದರೆ ಚಿರಿಯಾಕೊ ಕೇಳಿದ:

"ಅವನು?"

ಮತ್ತಿಯೊ ಮೇಜಿನ ಮೇಲಿನ ಒಂದು ತೋಟೆಯನ್ನು ಬೆರಳಿಂದ ಹೊರಳಿಸಿದ. "ನನ್ನ ತೋಟೆ ಹಾರ್ತು" ಎಂದ.

ಬಾಗಿಲಲ್ಲಿ ಓಲಿಂದೊ ನಿಂತಿದ್ದ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಒಣಗಿದ ನೊರೆ. ಅಂಥವನೂ ಟೋಪಿ ತೆಗೆದ.

"ಅವನ ಮುಖ ನೆನಪಿದೆಯಾ?" ಎಂದ ಚಿರಿಯಾಕೊ.

"ಮರೆಯೋದು ಹೇಗೆ? ಗಡ್ಡ ಇನ್ನೂ ಬಂದಿರಲಿಲ್ಲ."

ಚಿರಿಯಾಕೊ ಅಳತೊಡಗಿದ. ನಮ್ಮವರ ಹಾಗೆ ಮುಖ ತಿರುಗಿಸಿಕೊಂಡು ಅಲ್ಲ, ದಕ್ಷಿಣದವರ ಹಾಗೆ ಬಾಯಿಬಿಟ್ಟು, ಎದೆ ಎತ್ತಿ. ನಾನು ಅವನ ಹೆಗಲು ಹಿಡಿದುಕೊಂಡೆ, ನನಗೂ ಅಳು ಬಂತು. ಸ್ವಲ್ಪ ತಣ್ಣಗಾದ ಮೇಲೆ ಅವನೇ ಮಾತಾಡಿದ.

"ಮನೇಲಿ ನಾವೆಲ್ಲ ಅಪ್ಪನ್ನ ಕಾಡ್ತಿದ್ವಿ. ಒಂದೇ ಮಾತು ಹೇಳಪ್ಪಾ, ನನ್ನ ತಪ್ಪಿಲ್ಲ ಅನ್ನು, ಊರಿಗೆ ನಾವು ಉತ್ತರ ಕೊಡ್ತೀವಿ ಅಂತ. ಅವರು ಹೇಳಲೇ ಇಲ್ಲ. ಅನ್ಯಾಯ ಆಗಿದೆ, ಅದಕ್ಕೇ ಮಾತು ನಿಂತಿದೆ ಅಂದ್ಕೊಂಡಿದ್ದೆ ಇಷ್ಟು ದಿನ. ಅವರಿಗೆ ಈ ಹುಡುಗ ಗೊತ್ತಿದ್ದ, ಕೊಮಾರೆ. ಹೆಸರು ಗೊತ್ತಿರಲಿಲ್ಲ. ಇಂಥವನೊಬ್ಬ ಇದಾನೆ ಅಂತ ಗೊತ್ತಿತ್ತು. ಕಿಟಕಿ ಹತ್ರ ಕೂತು ಅವರು ನೋಡ್ತಿದ್ದದ್ದು ಅವನನ್ನೇ."

ಮರುದಿನ ಊರೆಲ್ಲ ಗಡಿ ಸುತ್ತಲು ಹೊರಟಿತು. ಓಲಿಂದೊ ಅರ್ಧ ಗಡ್ಡದಲ್ಲೇ ನಡೆದ. ಬೋಳಿಸಿಕೊಳ್ಳಲು ನಾಚಿಕೆಯಾಯಿತಂತೆ. ಕೊರಿನ್ನಾ ಅವನನ್ನು ನೋಡಿ ನಕ್ಕೂ ನಕ್ಕೂ ಕೆಂಪು ಮೊಟ್ಟೆ ಕೊಟ್ಟಳು. ಚಿರಿಯಾಕೊ ರೈಲಿಗೂ ಹೋಗಲಿಲ್ಲ, ನಡಿಗೆಗೂ ಬರಲಿಲ್ಲ. ಮತ್ತಿಯೊ ಅವನನ್ನು ಮೇಲೆ, ಆ ಹುಡುಗ ಬಿದ್ದ ಕಂದಕಕ್ಕೆ ಕರೆದೊಯ್ದಿದ್ದ. ಪ್ರಾರ್ಥನೆ ಹಾಡುತ್ತಾ ದಿಣ್ಣೆಯ ಕೆಳಗೆ ಹಾಯುವಾಗ ನನಗೆ ಅವರಿಬ್ಬರು ಕಂಡರು. ಮಂಜು ಬಿಡುತ್ತಿತ್ತು, ಮುಚ್ಚುತ್ತಿತ್ತು. ಒಬ್ಬ ಕೈಚಾಚಿ ನೆಲ ತೋರಿಸುತ್ತಿದ್ದ, ಇನ್ನೊಬ್ಬ ಟೋಪಿ ತೆಗೆದು ನಿಂತಿದ್ದ. ಮತ್ತೆ ಮಂಜು ಬಂತು. ಹಾಡು ಮುಗಿಯುವ ತನಕ ನಾನು ಆ ಕಡೆಯೇ ತಿರುಗಿ ನಡೆದೆ, ಹಿಂದಿನವರು ತಳ್ಳಿದರೂ ಸರಿ ಎಂದು.

ಸಂಜೆ ಅವನ ಅಂಗಡಿ ತೆರೆದಿತ್ತು. ಸಾರು ಒಯ್ದು ಕೊಟ್ಟೆ. ಬೂಟಿನ ತುಂಬ ಗುಡ್ಡದ ಕೆಸರು, ಮುಖದಲ್ಲಿ ದಣಿವು. ಆದರೆ ಮನುಷ್ಯ ನೆಟ್ಟಗೆ ಕೂತಿದ್ದ.

"ಅಲ್ಲಿ ಅಷ್ಟು ಹೊತ್ತು ಏನ್ ಮಾಡ್ದೆ?" ಎಂದೆ.

"ಅಪ್ಪನ ಬದಲು ಒಂದು ಮಾತು ಹೇಳಿ ಬಂದೆ."

"ಏನಂತ?"

"ತಪ್ಪು ನಮ್ಮದೇ, ಮಗು, ಅಂತ."